ಕೀಲಿಮಣೆ ಜೀರ್ಣೋದ್ಧಾರ

ತುಕ್ಕು ಹಿಡಿದ, ಕಿಲುಬುಗಟ್ಟಿದ, ಕೀಲಿಗಳು ಕಚ್ಚಿಕೊಂಡ ಹಳೆಯ ಕಂಪ್ಯೂಟರ್ ಕೀಲಿಮಣೆಯನ್ನು ಬಿಚ್ಚಿ, ತೊಳೆದು, ಮತ್ತೆ ಬಳಕೆಗೆ ತರುವ ಹವ್ಯಾಸ. ಇದರ ಹಿಂದೆ ಟೈಪ್‌ರೈಟರ್ ಮೆಕ್ಯಾನಿಕ್‌ಗಳ ಕಸುಬಿದೆ. ಗೋದ್ರೇಜ್ ಕಂಪನಿ 1955ರಲ್ಲಿ ದೇಶದ ಮೊದಲ ಟೈಪ್‌ರೈಟರನ್ನು ಹೊರತಂದಿತು; ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿ ವಿನ್ಯಾಸ ಒದಗಿಸಿದವರು ಅನಂತಸುಬ್ಬರಾಯರು. ಕಚೇರಿಗಳಲ್ಲೂ ಟೈಪಿಂಗ್ ಕ್ಲಾಸುಗಳಲ್ಲೂ ಈ ಯಂತ್ರಗಳನ್ನು ಬ್ರಷ್ ಹಾಕಿ, ಎಣ್ಣೆ ಬಿಟ್ಟು ವರ್ಷಗಟ್ಟಲೆ ದುಡಿಸುತ್ತಿದ್ದರು. ಕಂಪ್ಯೂಟರ್ ಕೀಲಿಮಣೆಗೆ ಆ ಭಾಗ್ಯ ಬರಲಿಲ್ಲ. ಕೆಟ್ಟರೆ ಹೊಸದು ಕೊಳ್ಳುವುದು, ಹಳೆಯದನ್ನು ಅಟ್ಟಕ್ಕೋ ಗುಜರಿಗೋ ಹಾಕುವುದೇ ವಾಡಿಕೆಯಾಯಿತು.

ಜಗತ್ತಿನ ಹವ್ಯಾಸಿಗಳು ಹೆಚ್ಚು ಮೆಚ್ಚುವುದು ಐಬಿಎಂ ಕೀಲಿಮಣೆಗಳನ್ನು. 1981ರ ಐಬಿಎಂ ಪಿಸಿಯ ಜೊತೆ ಬಂದ 83 ಕೀಲಿಗಳ 'ಮಾಡೆಲ್ ಎಫ್'ನಲ್ಲಿ ಪ್ರತಿ ಕೀಲಿಯಡಿ ಒಂದು ಸ್ಪ್ರಿಂಗ್ ಇದೆ. ಒತ್ತಿದಾಗ ಅದು ಒಮ್ಮೆಲೇ ಬಾಗಿ 'ಟಕ್' ಎನ್ನುತ್ತದೆ. ಆದರೆ ಒಳಗಿನ ಸ್ಪಂಜು ಕಾಲಾಂತರದಲ್ಲಿ ಪುಡಿಯಾಗುತ್ತದೆ, ಉಕ್ಕಿನ ತಗಡುಗಳಿಗೆ ತುಕ್ಕು ಹತ್ತುತ್ತದೆ. 1985ರಲ್ಲಿ ಬಂದ 'ಮಾಡೆಲ್ ಎಂ' ಬೆಲೆಯಲ್ಲಿ ಅಗ್ಗ, ದುರಸ್ತಿಯಲ್ಲಿ ದುಬಾರಿ: ಒಳಪದರಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಗುಬ್ಬಿಗಳು ಒಂದೊಂದಾಗಿ ಮುರಿಯುತ್ತವೆ. ಅವನ್ನು ಕೆತ್ತಿ ತೆಗೆದು, ತೂತು ಕೊರೆದು, ಸಣ್ಣ ನಟ್ಟು-ಬೋಲ್ಟು ಬಿಗಿಯುವುದು ಈ ಹವ್ಯಾಸದ ಪ್ರಸಿದ್ಧ ಕೆಲಸ.

ಭಾರತದಲ್ಲಿ ಕಥೆ ಬೇರೆ. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಡಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಕೀಲಿಮಣೆಯೂ ಯಂತ್ರವೂ ಒಂದೇ ಪೆಟ್ಟಿಗೆ. ಮುಂದೆ ಡಿಟಿಪಿ ಅಂಗಡಿಗಳಲ್ಲೂ ಕಚೇರಿ ಕೌಂಟರುಗಳಲ್ಲೂ ಮನೆಮಾತಾದದ್ದು 'ಟಿವಿಎಸ್ ಗೋಲ್ಡ್'. ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚುಗಳ ಕಟಕಟ ಸದ್ದೇ ಅದರ ಗುರುತು. ವಿದೇಶಿ ಸಂಗ್ರಾಹಕರು ಮುತುವರ್ಜಿಯಿಂದ ಹುಡುಕುವ ಸ್ವಿಚ್ಚು ನಮ್ಮಲ್ಲಿ ಲಗ್ನಪತ್ರಿಕೆ ಟೈಪ್ ಮಾಡಲು ದುಡಿಯಿತು. ಅದು ವಿಶೇಷವೆಂದು ಯಾರಿಗೂ ಅನ್ನಿಸಲಿಲ್ಲ.

ಕೀಲಿಮಣೆ ಕೆಡುವ ಬಗೆ ಊರಿನ ಹವೆಯನ್ನು ಅವಲಂಬಿಸುತ್ತದೆ. ಉದಾಹರಣೆಗೆ, ಧಾರವಾಡ ಮಲೆನಾಡಿನ ಸೆರಗಿನ ಊರು. ರೈಲು ನಿಲ್ದಾಣಕ್ಕೆ ಹತ್ತಿರವಿರುವ ಮಾಳಮಡ್ಡಿಯಂಥ ಹಳೆಯ ಬಡಾವಣೆಯಲ್ಲಿ ಆಷಾಢ-ಶ್ರಾವಣದ ಜಿಟಿಜಿಟಿ ಮಳೆಗೆ ಗೋಡೆಯೇ ತಂಪು ಹಿಡಿದಿರುತ್ತದೆ. ಅಟ್ಟದ ಮೇಲಿನ ಸಾಮಾನು ಒಣಗಿರುವುದೆಲ್ಲಿ? ಅದರ ಮೇಲೆ ಎಂದೋ ಚೆಲ್ಲಿದ ಚಹಾ ಬೇರೆ. ಸಕ್ಕರೆ ತೇವವನ್ನು ಹಿಡಿದಿಡುತ್ತದೆ, ತೇವ ತಾಮ್ರವನ್ನು ತಿನ್ನುತ್ತದೆ. ಚೆರ್ರಿ ಸ್ವಿಚ್ಚಿನೊಳಗಿನ ಸಂಪರ್ಕಬಿಂದು ಚಿನ್ನದ ಮಿಶ್ರಲೋಹದ್ದಾದ್ದರಿಂದ ಬಾಳುತ್ತದೆ. ಹೋಗುವುದು ಒಳಗಿನ ಸರ್ಕಿಟ್ ಹಲಗೆಯ ಮೇಲಿನ ತಾಮ್ರದ ಗೆರೆ.

ಕೆಲಸಕ್ಕೆ ಇಳಿಯುವ ಮುನ್ನ ಕೀಲಿಗಳ ಫೋಟೊ ತೆಗೆದಿಡಬೇಕು. ಕೀಲಿಗಳನ್ನು ಕಿತ್ತು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಹಾಕಿ, ಹಲಗೆಯನ್ನು ಹಲ್ಲುಜ್ಜುವ ಬ್ರಷ್ಷು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಉಜ್ಜುತ್ತಾರೆ. ಹಸಿರು ಕಿಲುಬಿದ್ದಲ್ಲಿ ಮೆಲ್ಲಗೆ ಕೆರೆದು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಗೆರೆಯ ಎರಡು ತುದಿಗೆ ಮುಟ್ಟಿಸಿದರೆ, ಸದ್ದು ಬಂದಲ್ಲಿ ಗೆರೆ ಜೀವಂತ. ಸದ್ದಿಲ್ಲದಿದ್ದರೆ ಕೂದಲೆಳೆಯಂಥ ತಂತಿಯಿಂದ ಸೇತುವೆ ಬೆಸೆಯಬೇಕು. ಸ್ವಿಚ್ಚೇ ಸತ್ತಿದ್ದರೆ ಎರಡು ಕಾಲುಗಳ ಬೆಸುಗೆ ಬಿಡಿಸಿ ಬೇರೆ ಕೂರಿಸಬಹುದು. ತಾಮ್ರದ ಬಿಂದಿಗೆಗೆ ಒಗ್ಗುವ ಹುಣಸೆಹಣ್ಣನ್ನು ಇಲ್ಲಿ ದೂರವಿಡುವುದೇ ಲೇಸು; ಉಳಿದ ಹುಳಿ ಬೆಸುಗೆಯನ್ನೇ ತಿನ್ನಬಲ್ಲದು.

ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಹೈಡ್ರೊಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳುಪಾಗಿಸುವ 'ರೆಟ್ರೊಬ್ರೈಟ್' ವಿಧಾನ 2008ರ ಹೊತ್ತಿಗೆ ಹರಡಿತು. ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಹಳದಿ ಮರಳಿ ಬರುವುದುಂಟು.

ಕನ್ನಡದ ಮಟ್ಟಿಗೆ ಒಂದು ವಿಶೇಷ ತೊಡಕಿದೆ. ಹೆಚ್ಚಿನ ಕೀಲಿಗಳ ಮೇಲೆ ಕನ್ನಡ ಅಕ್ಷರವೇ ಇಲ್ಲ. ಭಾಷೆ ಇದ್ದದ್ದು ತಂತ್ರಾಂಶದಲ್ಲಿ, ಬೆರಳಿನ ರೂಢಿಯಲ್ಲಿ. ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ, ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬಳಕೆಯಾದ ವಿನ್ಯಾಸದಲ್ಲಿ ಕೆ ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ'. ಒತ್ತಕ್ಷರಕ್ಕೆ ಎಫ್ ಬೇಕು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ 'ಬರಹ'ದಲ್ಲಾದರೋ 'ಕ' ಮೂಡಲು ಕೆ ಜೊತೆಗೆ ಎ ಕೂಡ ಒತ್ತಬೇಕು, ಒತ್ತಕ್ಷರಕ್ಕೆ ಪ್ರತ್ಯೇಕ ಕೀಲಿ ಬೇಡ. ಹೀಗಾಗಿ ದುಡಿದು ಬಂದ ಕೀಲಿಮಣೆಯಲ್ಲಿ ಎಫ್ ನುಣುಪಾಗಿದ್ದರೆ ಅಲ್ಲಿ 'ನುಡಿ' ನಡೆದಿರಬಹುದು, ಎ ಮಾತ್ರ ಅಳಿಸಿದ್ದರೆ 'ಬರಹ' ಅಥವಾ ಇಂಗ್ಲಿಷ್. ಕೆಲವು ಕಡೆ ಕನ್ನಡ ಅಕ್ಷರದ ಸ್ಟಿಕ್ಕರಿನ ಅರ್ಧ ತುಂಡೂ ಉಳಿದಿರುತ್ತದೆ.

ಸವೆದ ಕೀಲಿಗಳನ್ನು ತೆಗೆದು ಹೊಸ ಸೆಟ್ ಕೂರಿಸುವುದು ಹವ್ಯಾಸಿಗಳಲ್ಲಿ ಸಾಮಾನ್ಯ. ಕೀಲಿಮಣೆ ಹೊಳೆಯುತ್ತದೆ, ಆದರೆ ಅದರಲ್ಲಿ ಕನ್ನಡ ಬರೆದಿದ್ದರೆಂಬ ಒಂದೇ ಸಾಕ್ಷಿ ಕಸದ ಬುಟ್ಟಿಗೆ ಹೋಗುತ್ತದೆ. ಹಳೆಯ ಕೀಲಿಗಳನ್ನು ಸ್ಟಿಕ್ಕರುಗಳ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಯಾವ ಅಂಗಡಿಯದು, ಯಾವ ತಂತ್ರಾಂಶಕ್ಕೆ ಬಳಸಿದ್ದು ಎಂದು ಚೀಟಿ ಅಂಟಿಸಿಡಲು ಎರಡು ನಿಮಿಷ ಸಾಕು.