ಶ್ವಾಸರೋಗದಲ್ಲಿ ಗಂಧವಿಚಾರ

ಶ್ವಾಸರೋಗಿಗೆ ಕಟುಗಂಧವು ದುಸ್ಸಹವೆಂಬುದು ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ ಬಾಳುವವರಿಗೆ ಅನುಭವಸಿದ್ಧವಾದ ಸಂಗತಿ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ಕುರಿತು ನಡೆಸಿದ ಆಸ್ಪತ್ರೆಯ ಅಧ್ಯಯನದಲ್ಲಿ ಉಬ್ಬಸದ ಪ್ರಮಾಣವು 1979ರಲ್ಲಿ ಶೇ. 9ರಷ್ಟಿದ್ದುದು 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ನಗರದ ಲೆಕ್ಕವೆಂದು ಭಾವಿಸಲಾಗದು. ಅವರೇ 12 ಶಾಲೆಗಳ 6,550 ಮಕ್ಕಳಲ್ಲಿ ಕಂಡ ಪ್ರಮಾಣ ಶೇ. 16.63. ಈ ರೋಗಿಗಳನ್ನು ಬಾಧಿಸುವುದು ಗಂಧವೋ, ಗಂಧವನ್ನು ಹೊತ್ತ ದ್ರವ್ಯವೋ ಎಂಬ ಪ್ರಶ್ನೆಗೆ ಮಾತ್ರ ಇಂತಹ ಅಂಕಿಗಳಿಂದ ಉತ್ತರ ದೊರೆಯುವುದಿಲ್ಲ.

ಚರಕಸಂಹಿತೆಯು ಶ್ವಾಸವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರವೆಂದು ಐದು ಬಗೆಯಾಗಿ ವಿಂಗಡಿಸಿ, ಧೂಳು ಹೊಗೆಗಳನ್ನು ಕಾರಣಗಳಲ್ಲಿ ಎಣಿಸುತ್ತದೆ. ಇವು ದ್ರವ್ಯಗಳು. ಗಂಧಮಾತ್ರದ ಪರೀಕ್ಷೆ ನಡೆದುದು ಬಹಳ ಈಚೆಗೆ. 1886ರಲ್ಲಿ ಬಾಲ್ಟಿಮೋರಿನ ವೈದ್ಯ ಜಾನ್ ಮೆಕೆಂಜಿಯು ಗುಲಾಬಿಯಿಂದ ಉಬ್ಬಸಪಡುತ್ತಿದ್ದ ರೋಗಿಯೊಬ್ಬಳ ಮುಂದೆ ಕೃತಕ ಗುಲಾಬಿಯನ್ನು ಹಿಡಿದಾಗಲೂ ರೋಗಲಕ್ಷಣಗಳು ತೋರಿದವು. 2014ರಲ್ಲಿ ಫಿಲಡೆಲ್ಫಿಯಾದ ವಿಜ್ಞಾನಿಗಳು ಉಬ್ಬಸದವರಿಗೆ ಗುಲಾಬಿಯ ವಾಸನೆಯ, ಉರಿಯನ್ನುಂಟುಮಾಡದ ಒಂದೇ ದ್ರವ್ಯವನ್ನು ಆಘ್ರಾಣಿಸಲು ಕೊಟ್ಟು, ಕೆಲವರಿಗೆ ಅದು ಹಾನಿಕರವೆಂದೂ ಕೆಲವರಿಗೆ ಹಿತಕರವೆಂದೂ ತಿಳಿಸಿದರು. ಹಾನಿಕರವೆಂದು ನಂಬಿದವರ ಶ್ವಾಸಮಾರ್ಗದಲ್ಲಿ ಉರಿಯೂತವು ಹೆಚ್ಚಿತು. ಇದನ್ನು ಕೇವಲ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಉರಿಯೂತವು ಅಳತೆಗೆ ಸಿಕ್ಕಿದ ವಿಕಾರ.

ಇಲ್ಲಿ ತತ್ತ್ವಾರ್ಥಸೂತ್ರದ ವಿವೇಚನೆಯು ಉಪಯುಕ್ತವಾಗಿದೆ. ಪುದ್ಗಲಕ್ಕೆ ಸ್ಪರ್ಶ, ರಸ, ಗಂಧ, ವರ್ಣಗಳೆಂಬ ನಾಲ್ಕೂ ಗುಣಗಳುಂಟು. ಗಂಧವಿದ್ದೆಡೆ ಸ್ಪರ್ಶವೂ ಇದ್ದೇ ಇರುತ್ತದೆ. ಆಧುನಿಕ ಶರೀರಶಾಸ್ತ್ರವೂ ವಾಸನೆಯನ್ನು ಗ್ರಹಿಸುವ ನರವನ್ನೂ, ಮೂಗಿನಲ್ಲಿ ಉರಿ ಚುಚ್ಚುಗಳನ್ನು ಗ್ರಹಿಸುವ ತ್ರಿಶಾಖಾ ನರವನ್ನೂ ಬೇರೆಬೇರೆಯೆನ್ನುತ್ತದೆ. ಅಮೋನಿಯವು ಮೂಗಿಗೆ ಇರಿಯುವುದು ಗಂಧದಿಂದಲ್ಲ, ಸ್ಪರ್ಶದಿಂದ. ಎರಡು ಪರಂಪರೆಗಳೂ ಒಂದೇ ಎಂದು ಸಾಧಿಸಹೊರಡುವುದು ಅತಿಯಾದೀತು. ಆದರೆ ಮೇಲಿನ ಗುಲಾಬಿಯ ಬಾಧೆಯನ್ನೂ ಪೀಣ್ಯದ ಆಮ್ಲಧೂಮದ ಬಾಧೆಯನ್ನೂ ಬೇರ್ಪಡಿಸಲು ಈ ಭೇದವು ಸಾಕಾಗುತ್ತದೆ. ಮೊದಲನೆಯದಕ್ಕೆ ಆಶ್ವಾಸನೆಯೂ ಔಷಧವಾದೀತು, ಎರಡನೆಯದಕ್ಕೆ ಧೂಮವನ್ನೇ ತಡೆಯಬೇಕು.

ಶಾಸ್ತ್ರಭಂಡಾರಗಳಿಗೂ ಇದು ಸಂಬಂಧಿಸಿದೆ. ತಾಳೆಯೋಲೆಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು, ಪೆಟ್ಟಿಗೆಗಳಲ್ಲಿ ಕರ್ಪೂರ, ಬಜೆ, ನುಸಿಗುಳಿಗೆ ಇಡುವುದು ರೂಢಿ. ಕಟ್ಟು ಬಿಚ್ಚಿದೊಡನೆ ಏಳುವುದು ಈ ವಾಸನೆಯೊಂದೇ ಅಲ್ಲ, ಹಳೆಯ ಧೂಳು ಬೂಷ್ಟುಗಳೂ ಏಳುತ್ತವೆ. ಉಬ್ಬಸವಿರುವ ಲಿಪಿಕಾರನು ಎಣ್ಣೆಯ ಕಂಪನ್ನು ದೂರುವಾಗ ನಿಜವಾದ ಅಪರಾಧಿ ಬೂಷ್ಟಾಗಿರಬಹುದು. ಓಲೆಗಳನ್ನು ಮೊದಲು ಗಾಳಿಯಾಡುವ ಮೊಗಸಾಲೆಯಲ್ಲಿ ಮೃದುವಾದ ಕುಂಚದಿಂದ ಒರೆಸಿ, ಎಣ್ಣೆಯು ಆರಿದ ತರುವಾಯ ಓದಲು ಕೊಡುವುದು ಓಲೆಗೂ ಓದುಗನಿಗೂ ಕ್ಷೇಮಕರ.