ಬ್ಲೂಸ್ ಮತ್ತು ಸೋಲ್ ಆಲ್ಬಂಗಳು

ಬ್ಲೂಸ್, ಸೋಲ್ ಎರಡೂ ಅಮೆರಿಕದ ಕಪ್ಪುಜನರ ಹಾಡುಗಾರಿಕೆಗಳು. ಬ್ಲೂಸ್ 19ನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣದ ಹತ್ತಿ ಸೀಮೆಯಲ್ಲಿ, ಮುಖ್ಯವಾಗಿ ಮಿಸಿಸಿಪಿ ಡೆಲ್ಟಾದಲ್ಲಿ ರೂಪು ತಳೆಯಿತು. ಸೋಲ್ 1950ರ ದಶಕದಲ್ಲಿ, ಚರ್ಚಿನ ಗಾಸ್ಪೆಲ್ ಗಾಯನ ನಗರದ ಕುಣಿತದ ಸಂಗೀತದೊಡನೆ ಬೆರೆತಾಗ ಹುಟ್ಟಿತು. ಇವೆರಡೂ ಬೆಳೆದದ್ದು ಒಂದೊಂದು ಹಾಡಿನ ಸಣ್ಣ ಗ್ರಾಮಫೋನ್ ತಟ್ಟೆಯ ಮೇಲೆ. ಹತ್ತು ಹನ್ನೆರಡು ಹಾಡುಗಳನ್ನು ಒಂದೇ ಕೃತಿಯಾಗಿ ಕೇಳಿಸುವ ಆಲ್ಬಂ ಅವುಗಳಿಗೆ ತಡವಾಗಿ ಒದಗಿದ ರೂಪ. ಹೊಸ ಕೇಳುಗರು ಯಾವ ಆಲ್ಬಂನಿಂದ ತೊಡಗಬೇಕು ಎಂಬುದಕ್ಕೆ ಉತ್ತರ ಸಿಗುವುದು ಆ ರೂಪ ಒದಗಿಬಂದ ಬಗೆಯನ್ನು ನೋಡಿದಾಗಲೇ.

ಬ್ಲೂಸ್ ಹಾಡಿನ ಸಾಮಾನ್ಯ ಕಟ್ಟು ಸರಳ: ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೆ ಉತ್ತರವಾಗಿ ಮೂರನೆಯದು. ಎಲ್ಲ ಸೇರಿ ಹನ್ನೆರಡು ಆವರ್ತ. ಸೊಗಸು ಇರುವುದು ಸ್ವರದ ನಡೆಯಲ್ಲಿ. ‘ಬ್ಲೂ ನೋಟ್’ ಎಂದು ಕರೆಯುವ ಸ್ವರ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗಾಡುತ್ತದೆ. ಪಿಯಾನೊದ ಮನೆಗಳಲ್ಲಿ ಅದು ಸಿಗದು. ಕೊರಳಲ್ಲಿ, ತಂತಿಯನ್ನು ಎಳೆದಾಗ, ಇಲ್ಲವೆ ಗಾಜಿನ ನಳಿಗೆಯನ್ನು ತಂತಿಯ ಮೇಲೆ ಜಾರಿಸಿದಾಗ ಸಿಗುತ್ತದೆ. ಜಾರು, ಗಮಕಗಳಿಗೆ ಪಳಗಿದ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ. 1995ರ ‘ಮುಮ್ತಾಜ್ ಮಹಲ್’ ಆಲ್ಬಂನಲ್ಲಿ ಅಮೆರಿಕದ ಬ್ಲೂಸ್ ಗಾಯಕ ತಾಜ್ ಮಹಲ್ ಜತೆ ಮೋಹನ ವೀಣೆಯ ವಿಶ್ವಮೋಹನ ಭಟ್ ಮತ್ತು ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣಾ ವಾದಕ ಎನ್. ರವಿಕಿರಣ್ ನುಡಿಸಿದ್ದಾರೆ. ಮೂವರದೂ ತಂತಿಯ ಮೇಲೆ ಜಾರುವ ಕೈಚಳಕವಾದ್ದರಿಂದ ಆ ಜೋಡಣೆಯಲ್ಲಿ ಬಲವಂತ ಕಾಣುವುದಿಲ್ಲ.

ಮೂರು ನಿಮಿಷದ ತಟ್ಟೆ

1920ರಲ್ಲಿ ಮೇಮಿ ಸ್ಮಿತ್ ಓಕೆ ಕಂಪನಿಗೆ ಹಾಡಿದ ‘ಕ್ರೇಜಿ ಬ್ಲೂಸ್’ ಭರದಿಂದ ಮಾರಾಟವಾಯಿತು. ಕಪ್ಪುಜನರೂ ದುಡ್ಡು ಕೊಟ್ಟು ಪ್ಲೇಟು ಕೊಳ್ಳುತ್ತಾರೆ ಎಂಬುದು ಕಂಪನಿಗಳಿಗೆ ಗೊತ್ತಾದದ್ದು ಆಗ. ‘ರೇಸ್ ರೆಕಾರ್ಡ್ಸ್’ ಎಂಬ ಹೆಸರಿನಲ್ಲಿ ಅವರಿಗೇ ಬೇರೆ ಪಟ್ಟಿ ಸಿದ್ಧವಾಯಿತು. 1923ರಲ್ಲಿ ಬೆಸ್ಸಿ ಸ್ಮಿತ್ ಬಂದರು. ವಿಸ್ಕಾನ್ಸಿನ್‌ನ ಒಂದು ಕುರ್ಚಿ ತಯಾರಿಕಾ ಕಂಪನಿ ನಡೆಸುತ್ತಿದ್ದ ಪ್ಯಾರಾಮೌಂಟ್ ಸಂಸ್ಥೆ ಬ್ಲೈಂಡ್ ಲೆಮನ್ ಜೆಫರ್ಸನ್, ಚಾರ್ಲಿ ಪ್ಯಾಟನ್ ಅವರನ್ನು ಧ್ವನಿಮುದ್ರಿಸಿತು. ಅಗ್ಗದ ಅರಗಿನ ತಟ್ಟೆಗಳಾದ್ದರಿಂದ ಪ್ಯಾಟನ್ ದನಿ ಇಂದು ಕರಕರ ಸದ್ದಿನ ಹಿಂದಿನಿಂದ ಕೇಳಿಬರುತ್ತದೆ. ದೊಡ್ಡ ಕಲಾವಿದ, ಆದರೆ ಮೊದಲ ದಿನವೇ ಅವರಿಂದ ಶುರುಮಾಡಿದರೆ ಕಿವಿ ದಣಿದೀತು. ಸ್ವಲ್ಪ ಪಳಗಿದ ಮೇಲೆ ಅವರ ಬಳಿಗೆ ಹೋಗುವುದು ಮೇಲು.

ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಕುಣಿಯುವವರಿಗಾಗಿ ಹಾಡುತ್ತಿದ್ದವರು ತಮ್ಮ ಹಾಡನ್ನು ಅಷ್ಟಕ್ಕೆ ಕತ್ತರಿಸಿಕೊಂಡರು. ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲೂ 1937ರಲ್ಲಿ ಡಲ್ಲಾಸ್‌ನಲ್ಲೂ ಹಾಡಿದ 29 ಹಾಡುಗಳು ಇದೇ ಅಳತೆಯವು. ಮರುವರ್ಷ, 27ರ ಪ್ರಾಯದಲ್ಲಿ ಅವರು ತೀರಿಕೊಂಡರು.

ಸಂಕಲನಗಳು

ಕೊಲಂಬಿಯಾ ಕಂಪನಿ 33⅓ ಸುತ್ತಿನ ಎಲ್‌ಪಿ ತಟ್ಟೆಯನ್ನು ತಂದದ್ದು 1948ರಲ್ಲಿ. ಅದು ನಾಟಕಗೀತೆಗಳಿಗೆ, ಶಾಸ್ತ್ರೀಯ ಸಂಗೀತಕ್ಕೆ, ಜಾಜ್‌ಗೆ ಒಗ್ಗಿಕೊಂಡಿತು. ಬ್ಲೂಸ್ ಮಾತ್ರ ಇನ್ನೂ ಹತ್ತು ವರ್ಷ ಒಂಟಿ ಹಾಡಿನ ತಟ್ಟೆಯಲ್ಲೇ ಉಳಿಯಿತು. ಹಾಗಾಗಿ ಮೊದಲ ಮಹತ್ವದ ಬ್ಲೂಸ್ ಎಲ್‌ಪಿಗಳಲ್ಲಿ ಹೆಚ್ಚಿನವು ಹಳೆಯ ತಟ್ಟೆಗಳಿಂದ ಆಯ್ದ ಸಂಕಲನಗಳು. ಇದು ಅವುಗಳ ಕೊರತೆಯಲ್ಲ. ಪ್ರತಿ ಹಾಡೂ ಒಮ್ಮೆ ಒಂಟಿಯಾಗಿ ನಿಂತು ಜನರನ್ನು ಗೆದ್ದದ್ದು, ಆದ್ದರಿಂದ ಅವುಗಳಲ್ಲಿ ಜೊಳ್ಳು ಕಡಿಮೆ.

ಚಿಕಾಗೋದ ಚೆಸ್ ಕಂಪನಿ 1958ರಲ್ಲಿ ತಂದ ‘ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’ ಇಂಥದ್ದು. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪಿಯ ಹತ್ತಿ ತೋಟ ಬಿಟ್ಟು ಚಿಕಾಗೋಗೆ ಹೋದವರು. ಗದ್ದಲದ ಹೆಂಡದಂಗಡಿಯಲ್ಲಿ ಮರದ ಗಿಟಾರ್ ಕೇಳಿಸದು ಎಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಹಳ್ಳಿಯ ಸಂಗೀತ ನಗರದ್ದಾದ ಬಗೆಯನ್ನು ಈ ಹನ್ನೆರಡು ಹಾಡುಗಳಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಲಾರದು. ಬ್ಲೂಸ್‌ಗೆ ಹೊಸಬರು ಮೊದಲು ಕೇಳಬೇಕಾದದ್ದು ಇದನ್ನೇ. ಅದರ ಪಕ್ಕಕ್ಕೆ, ಹೊದಿಕೆಯ ಮೇಲೆ ತೂಗುಕುರ್ಚಿಯ ಚಿತ್ರವಿರುವ, ಹೌಲಿನ್ ವುಲ್ಫ್ ಅವರದೇ ಹೆಸರಿನ 1962ರ ಆಲ್ಬಂ.

ಜಾನ್ಸನ್ ಹಾಡುಗಳನ್ನು ಕೊಲಂಬಿಯಾ 1961ರಲ್ಲಿ ‘ಕಿಂಗ್ ಆಫ್ ದಿ ಡೆಲ್ಟಾ ಬ್ಲೂಸ್ ಸಿಂಗರ್ಸ್’ ಎಂದು ಹೊರತಂದಾಗ ಹಾಕಲು ಅವರ ಒಂದು ಭಾವಚಿತ್ರವೂ ಸಿಕ್ಕಿರಲಿಲ್ಲ. ಹೊದಿಕೆಯ ಮೇಲೆ ಬಣ್ಣದ ಚಿತ್ರ ಬರೆಸಿದರು. ಬದುಕಿದ್ದಾಗ ದಕ್ಷಿಣದಾಚೆ ಹೆಚ್ಚಿನವರು ಹೆಸರೇ ಕೇಳಿರದ ಗಾಯಕನನ್ನು ಈ 16 ಹಾಡುಗಳ ಎಲ್‌ಪಿಯಿಂದಲೇ ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್ ಮೊದಲಾದವರು ತಮ್ಮ ಗುರುವೆಂದು ಕಂಡುಕೊಂಡರು.

1961ರದೇ ಬಾಬಿ ಬ್ಲ್ಯಾಂಡ್ ಅವರ ‘ಟು ಸ್ಟೆಪ್ಸ್ ಫ್ರಂ ದಿ ಬ್ಲೂಸ್’ ಬ್ಲೂಸ್‌ಗೂ ಸೋಲ್‌ಗೂ ನಡುವಿನ ಸೇತುವೆ. ಇದನ್ನು ಶಿಫಾರಸು ಮಾಡುವವರು ಕಡಿಮೆ, ಅದು ಅನ್ಯಾಯ. ಜೋ ಸ್ಕಾಟ್ ಹೊಂದಿಸಿದ ಕಹಳೆಗಳ ನಡುವೆ ಬ್ಲ್ಯಾಂಡ್ ಪಿಸುಮಾತಿನಿಂದ ಕೂಗಿನವರೆಗೆ ಏರುವ ರೀತಿಯಲ್ಲಿ ಮುಂದಿನ ಹತ್ತು ವರ್ಷದ ಸೋಲ್ ಗಾಯನ ಆಗಲೇ ಇದೆ.

ಸಭಿಕರ ಮುಂದೆ

ಮುಮ್ಮೇಳ ಹಿಮ್ಮೇಳಗಳಂತೆ ಗಾಯಕನ ಕೂಗಿಗೆ ಸಭೆ ಓಗೊಡುವುದು ಈ ಸಂಗೀತದ ಜೀವಾಳ. ಸ್ಟುಡಿಯೊದಲ್ಲಿ ಅದು ಸಿಗುವುದಿಲ್ಲ. ಜೇಮ್ಸ್ ಬ್ರೌನ್ ತಮ್ಮ ಕಛೇರಿಯನ್ನೇ ಮುದ್ರಿಸೋಣ ಎಂದಾಗ ಕಿಂಗ್ ರೆಕಾರ್ಡ್ಸ್ ಒಡೆಯ ಸಿಡ್ ನೇಥನ್ ಒಪ್ಪಲಿಲ್ಲ. ಜನರಿಗೆ ಗೊತ್ತಿರುವ ಹಾಡುಗಳನ್ನೇ ಮತ್ತೆ ಯಾರು ಕೊಳ್ಳುತ್ತಾರೆ ಎಂಬುದು ವ್ಯಾಪಾರಿಯ ಲೆಕ್ಕ. ಬ್ರೌನ್ ಸ್ವಂತ ಹಣ ಹಾಕಿ 1962ರ ಅಕ್ಟೋಬರ್ 24ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ಮುದ್ರಿಸಿಕೊಂಡರು. ಮರುವರ್ಷ ಬಂದ ‘ಲೈವ್ ಅಟ್ ದಿ ಅಪೊಲೊ’ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿ 66 ವಾರ ಪಟ್ಟಿಯಲ್ಲಿ ಉಳಿಯಿತು. ಅರ್ಧ ಗಂಟೆಯಷ್ಟೇ ಇರುವ ಈ ಆಲ್ಬಂ ಸೋಲ್‌ಗೆ ಪ್ರವೇಶದ್ವಾರ.

ಬಿ.ಬಿ. ಕಿಂಗ್ ಅವರ ‘ಲೈವ್ ಅಟ್ ದಿ ರೀಗಲ್’ 1964ರ ನವೆಂಬರ್ 21ರಂದು ಚಿಕಾಗೋದಲ್ಲಿ ಮುದ್ರಣಗೊಂಡು 1965ರಲ್ಲಿ ಬಂತು. ಹಾಡುವಾಗ ಕಿಂಗ್ ಗಿಟಾರ್ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಕೊರಳು ಬಿಟ್ಟ ಕಡೆ ತಂತಿ ಹಿಡಿಯುತ್ತದೆ. ಅರ್ಕಾನ್ಸಾದ ಒಂದು ಕುಣಿತದ ಮನೆಯಲ್ಲಿ ಇಬ್ಬರು ಹೆಣ್ಣೊಬ್ಬಳಿಗಾಗಿ ಬಡಿದಾಡಿ ಬೆಂಕಿ ಹತ್ತಿದಾಗ, ಉರಿಯುವ ಮನೆಯೊಳಗೆ ನುಗ್ಗಿ ಗಿಟಾರ್ ಉಳಿಸಿಕೊಂಡ ಕಿಂಗ್, ಅದಕ್ಕೆ ಆ ಹೆಣ್ಣಿನ ಹೆಸರನ್ನೇ, ಲೂಸಿಲ್ ಎಂದು, ಇಟ್ಟರು. ರೀಗಲ್ ಸಭೆಯಲ್ಲಿ ಲೂಸಿಲ್‌ನ ಒಂದು ಉದ್ದ ಸ್ವರಕ್ಕೆ ಹೆಂಗಸರು ಚೀರುವುದು ಕೇಳಿಸುತ್ತದೆ. ಮೆಚ್ಚಿ ಚಪ್ಪಾಳೆ ತಟ್ಟುವ ಸಭೆ ಅದಲ್ಲ. ತಮ್ಮ ಮನೆಯ ಮಾತು ಕೇಳಿ ಓಗೊಡುವವರ ಸಭೆ. 1965ರಲ್ಲೇ ಡೆಲ್ಮಾರ್ಕ್ ಸಂಸ್ಥೆಗಾಗಿ ಜೂನಿಯರ್ ವೆಲ್ಸ್, ಬಡ್ಡಿ ಗೈ ಜೋಡಿ ಮಾಡಿದ ‘ಹೂಡೂ ಮ್ಯಾನ್ ಬ್ಲೂಸ್’ ಚಿಕಾಗೋ ಕ್ಲಬ್ಬಿನ ರಾತ್ರಿಯನ್ನು ಸ್ಟುಡಿಯೊದೊಳಗೆ ತಂದಿತು.

ಸ್ಯಾಮ್ ಕುಕ್ 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಹಾಡಿದ್ದು 1985ರವರೆಗೆ ಹೊರಬರಲೇ ಇಲ್ಲ. ನಯವಾದ ಗಾಯಕನೆಂದು ಬಿಳಿಯ ಶ್ರೋತೃಗಳಿಗೆ ಪರಿಚಿತರಾಗಿದ್ದ ಕುಕ್ ಇಲ್ಲಿ ಗಂಟಲು ಹರಿಯುವಂತೆ ಹಾಡಿದ್ದಾರೆ.

ಸ್ಟುಡಿಯೊ ಮತ್ತು ಒಡೆತನ

ಮೆಂಫಿಸ್‌ನ ಹಳೆಯ ಚಿತ್ರಮಂದಿರವೊಂದರಲ್ಲಿದ್ದ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ, ವರ್ಣಭೇದ ಬೀದಿಯಲ್ಲಿ ಇನ್ನೂ ನಡೆಯುತ್ತಿದ್ದ ಕಾಲಕ್ಕೇ, ಇಬ್ಬರು ಕಪ್ಪು ಇಬ್ಬರು ಬಿಳಿಯ ವಾದಕರ ಬುಕರ್ ಟಿ. ಅಂಡ್ ದಿ ಎಂಜೀಸ್ ಮೇಳ ದಿನವೂ ಒಟ್ಟಿಗೆ ಕೂತು ನುಡಿಸುತ್ತಿತ್ತು. ಒಟಿಸ್ ರೆಡಿಂಗ್ ಅವರ ‘ಒಟಿಸ್ ಬ್ಲೂ’ 1965ರ ಜುಲೈನಲ್ಲಿ ಅಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿಯಿತು. ನಡುವೆ ವಾದಕರು ರಾತ್ರಿ ಕ್ಲಬ್ಬುಗಳಲ್ಲಿ ನುಡಿಸಲು ಹೋಗಿ ಮತ್ತೆ ಬಂದು ಕೂತರು. ಆಲ್ಬರ್ಟ್ ಕಿಂಗ್ ಅವರ 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಕೂಡ ಇದೇ ಮೇಳದ ಬೆಂಬಲದ್ದು.

ಅರೀಥಾ ಫ್ರಾಂಕ್ಲಿನ್ ಆರು ವರ್ಷ ಕೊಲಂಬಿಯಾದಲ್ಲಿ ಹಾಡಿದರೂ ಅವರ ಸ್ವಂತ ದನಿ ಹೊರಬಂದಿರಲಿಲ್ಲ. ಅಟ್ಲಾಂಟಿಕ್ ಕಂಪನಿ 1967ರ ಜನವರಿಯಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ಗೆ ಕರೆದೊಯ್ದು ಪಿಯಾನೊ ಮುಂದೆ ಕೂರಿಸಿತು. ಒಂದು ಹಾಡು ಮುಗಿಯುವಷ್ಟರಲ್ಲಿ ಜಗಳವಾಗಿ ಎಲ್ಲರೂ ಚದುರಿದರು. ಉಳಿದದ್ದನ್ನು ನ್ಯೂಯಾರ್ಕಿನಲ್ಲಿ ಮುಗಿಸಿದರು. ‘ಐ ನೆವರ್ ಲವ್ಡ್ ಎ ಮ್ಯಾನ್ ದಿ ವೇ ಐ ಲವ್ ಯು’ ಹೀಗೆ ಬಂತು. ಆಲ್ಬಂನ ಮೊದಲ ಹಾಡು ರೆಡಿಂಗ್ ಅವರ ‘ರೆಸ್ಪೆಕ್ಟ್’. ಗಂಡಿನ ಬೇಡಿಕೆಯಾಗಿದ್ದ ಹಾಡು ಅರೀಥಾ ಬಾಯಲ್ಲಿ ಹೆಣ್ಣಿನ ಹಕ್ಕಾಯಿತು.

ಸೋಲ್ ಆಲ್ಬಂನ ಅಳತೆಯನ್ನೇ ಬದಲಿಸಿದ್ದು ಒಂದು ನಷ್ಟ. ಅಟ್ಲಾಂಟಿಕ್ ಜತೆಗಿನ ಒಪ್ಪಂದ 1968ರಲ್ಲಿ ಮುರಿದಾಗ ಸ್ಟ್ಯಾಕ್ಸ್ ತನ್ನ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕಳೆದುಕೊಂಡಿತು. ಬರಿದಾದ ಕಪಾಟು ತುಂಬಲು 1969ರಲ್ಲಿ 27 ಆಲ್ಬಂಗಳನ್ನು ಒಟ್ಟಿಗೆ ಮಾಡಿಸಿತು. ಆ ರಾಶಿಯಲ್ಲಿ ಐಸಾಕ್ ಹೇಯ್ಸ್ ಅವರಿಗೆ ಸಿಕ್ಕಿದ್ದು ತಮಗೆ ಬೇಕಾದಂತೆ ಮಾಡುವ ಸ್ವಾತಂತ್ರ್ಯ. ‘ಹಾಟ್ ಬಟರ್ಡ್ ಸೋಲ್’ನಲ್ಲಿ ಇರುವುದು ನಾಲ್ಕೇ ಹಾಡು, ಒಂದು 18 ನಿಮಿಷ ಮೀರುತ್ತದೆ. ಮೂರು ನಿಮಿಷದ ಬೇಲಿ ಅಲ್ಲಿ ಬಿತ್ತು.

ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯನ್ನು ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಟ್ಟಿದ್ದರು. ಒಂಟಿ ಹಾಡುಗಳೇ ಅದರ ಬಂಡವಾಳ. ಅಲ್ಲಿನ ಗಾಯಕ ಮಾರ್ವಿನ್ ಗೇ ಯುದ್ಧ, ಬಡತನ, ಪರಿಸರಗಳ ಬಗ್ಗೆ ಹಾಡಲು ಹೊರಟಾಗ ಗಾರ್ಡಿ ತಡೆದರು. ಗೇ ಜಗ್ಗಲಿಲ್ಲ. ಅವರ ತಮ್ಮ ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೈನಿಕ. ಅವನ ಕಣ್ಣಿನಿಂದ ಅಮೆರಿಕವನ್ನು ನೋಡುವಂತೆ 1971ರ ‘ವಾಟ್ಸ್ ಗೋಯಿಂಗ್ ಆನ್’ ಸಾಗುತ್ತದೆ. ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹರಿಯುವುದರಿಂದ ಇದನ್ನು ತುಂಡು ಮಾಡಿ ಕೇಳಬಾರದು. ಬಾಸ್ ಗಿಟಾರಿನ ಜೇಮ್ಸ್ ಜೇಮರ್ಸನ್ ಮತ್ತು ಸಂಗಡಿಗರ ಹೆಸರನ್ನು ಮೋಟೌನ್ ಹೊದಿಕೆಯ ಮೇಲೆ ಅಚ್ಚುಹಾಕಿದ್ದೂ ಇದರಲ್ಲೇ ಮೊದಲು. ನಂತರ ಹಾದಿ ಸಲೀಸಾಯಿತು: ಕರ್ಟಿಸ್ ಮೇಫೀಲ್ಡ್ ಅವರ ‘ಸೂಪರ್ ಫ್ಲೈ’ (1972), ಆಲ್ ಗ್ರೀನ್ ಅವರ ‘ಕಾಲ್ ಮಿ’ (1973), ಸ್ಟೀವಿ ವಂಡರ್ ಅವರ ‘ಇನ್ನರ್‌ವಿಷನ್ಸ್’ (1973).

ಅರೀಥಾ 1972ರ ಜನವರಿಯಲ್ಲಿ ಎರಡು ರಾತ್ರಿ ಲಾಸ್ ಏಂಜಲೀಸ್‌ನ ನ್ಯೂ ಟೆಂಪಲ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗಾಸ್ಪೆಲ್ ಹಾಡಿದರು. ಅದು ‘ಅಮೇಜಿಂಗ್ ಗ್ರೇಸ್’ ಆಲ್ಬಂ. ಆ ರಾತ್ರಿಗಳನ್ನು ಚಿತ್ರೀಕರಿಸಿದವರು ಕ್ಲ್ಯಾಪ್ ಬೋರ್ಡ್ ಬಳಸದ ಕಾರಣ ಸದ್ದಿಗೂ ಚಿತ್ರಕ್ಕೂ ತಾಳೆಯಾಗದೆ ಸಿನಿಮಾ ದಶಕಗಳ ಕಾಲ ಡಬ್ಬಿಯಲ್ಲೇ ಉಳಿದು, ಅರೀಥಾ ತೀರಿಕೊಂಡ 2018ರಲ್ಲಿ ತೆರೆಗೆ ಬಂತು. ಎರಡನೆಯ ರಾತ್ರಿ ಅವರ ತಂದೆ, ಹೆಸರಾಂತ ಪ್ರವಚನಕಾರ ಸಿ.ಎಲ್. ಫ್ರಾಂಕ್ಲಿನ್, ಎದ್ದು ಬಂದು ಪಿಯಾನೊ ನುಡಿಸುತ್ತಿರುವ ಮಗಳ ಮುಖದ ಬೆವರು ಒರೆಸುತ್ತಾರೆ. ಅರೀಥಾ ಹಾಡು ನಿಲ್ಲಿಸುವುದಿಲ್ಲ.