ಪಗಡೆಯ ಹಾಸಿನಿಂದ ಉಚಿತ ಆಟಗಳವರೆಗೆ: ಆಟದ ನ್ಯಾಯ ಮತ್ತು ಮುನ್ನಡೆ

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ನೇಯುತ್ತ ಬಂದಿರುವ ಜಮಖಾನೆಗಳ ಚಿತ್ತಾರಗಳಲ್ಲಿ ನವಿಲಿನೊಡನೆ ಪಗಡೆಯ ಹಾಸಿಗೂ ಸ್ಥಾನ ದೊರೆತಿರುವುದು, ಈ ಸೀಮೆಯ ಜನಜೀವನದಲ್ಲಿ ಆಟಕ್ಕಿದ್ದ ಗೌರವವನ್ನು ಸೂಚಿಸುವ ಸಂಗತಿಯಾಗಿದೆ. ಆ ಹಾಸಿನ ರಚನೆಯನ್ನು ಗಮನಿಸಿರಿ: ನಾಲ್ಕು ತೋಳುಗಳು, ತೋಳಿಗೆ 3 ಸಾಲು, ಸಾಲಿಗೆ 8 ಮನೆ, ಒಟ್ಟು 96 ಮನೆಗಳು. ಯಾವ ತೋಳಿನಿಂದ ಹೊರಟರೂ ಕಾಯಿ ಹಣ್ಣಾಗಲು ಕ್ರಮಿಸಬೇಕಾದ ದೂರ ಒಂದೇ. 25 ಮನೆಗಳ ಚೌಕಾಬಾರದಲ್ಲಿಯೂ ಕವಡೆಗಳು ಎಲ್ಲರಿಗೂ ಅವೇ. ಎದುರಾಳಿಯ ಕಾಯಿಯೊಂದನ್ನಾದರೂ ಹೊಡೆಯದೆ ಒಳಸುತ್ತನ್ನು ಪ್ರವೇಶಿಸಲಾಗದೆಂಬ ಕಟ್ಟಳೆ ಅನೇಕ ಊರುಗಳಲ್ಲಿದ್ದು, ಅದೂ ಸರ್ವರಿಗೆ ಸಮಾನವಾದುದು.

ಇಂತಹ ಆಟಗಳ ನ್ಯಾಯವು ಮೂರು ಆಧಾರಗಳ ಮೇಲೆ ನಿಂತಿತ್ತೆಂದು ಹೇಳಬಹುದು: ದಾರಿ ಸಮಾನವಾಗಿರಬೇಕು, ನಿಯಮ ಎಲ್ಲರ ಕಣ್ಣೆದುರಿಗಿರಬೇಕು, ಗರ ಆಡುವವನ ಕೈಯಿಂದಲೇ ಬೀಳಬೇಕು. ತಾಯಿಯ ಕಡೆಯಿಂದ ಅಣ್ಣಿಗೇರಿಯ ಸಂಬಂಧವುಳ್ಳ ಪಂಪನು 941ರಲ್ಲಿ ವಿಕ್ರಮಾರ್ಜುನ ವಿಜಯದ ಮೂಲಕ ಕನ್ನಡಕ್ಕೆ ತಂದ ಭಾರತಕಥೆಯ ಮೂಲದಲ್ಲಿಯೇ ಮೂರನೆಯ ಆಧಾರದ ಚರ್ಚೆ ಬಂದಿದೆ. ವ್ಯಾಸಭಾರತದ ಸಭಾಪರ್ವದಲ್ಲಿ ಪಣವನ್ನು ಒಡ್ಡುವವನು ದುರ್ಯೋಧನ, ದಾಳವನ್ನು ಉರುಳಿಸುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ವಿಷಮವೆಂದು ಧರ್ಮರಾಯನು ಆಕ್ಷೇಪಿಸಿಯೂ ಆಟಕ್ಕೆ ಕುಳಿತನು. ಆ ಆಕ್ಷೇಪವು ನಮ್ಮ ಕಾಲದ ಉಚಿತ ಆಟಗಳಿಗೆ ಇಂದಿಗೂ ಅನ್ವಯಿಸುತ್ತದೆ. ಏಕೆಂದರೆ ಅಲ್ಲಿ ಆಡುವವನಿಗೆ ಬದಲಾಗಿ ಆತನ ಹಣವು ಆಡಬಲ್ಲುದು.

ಇದಕ್ಕೆ ಬೇಸಾಯದ ಆಟಗಳೇ ನಿದರ್ಶನ. 2008ರಲ್ಲಿ ಚೀನದಲ್ಲಿ ಹ್ಯಾಪಿ ಫಾರ್ಮ್ ಎಂಬ ಬೇಸಾಯದ ಆಟ ಜನಪ್ರಿಯವಾಯಿತು. 2009ರ ಜೂನ್‌ನಲ್ಲಿ ಅಮೆರಿಕದ ಜಿಂಗಾ ಸಂಸ್ಥೆಯು ಫೇಸ್‌ಬುಕ್‌ನಲ್ಲಿ ಅದೇ ಬಗೆಯ ಫಾರ್ಮ್‌ವಿಲ್ ಆಟವನ್ನು ಬಿಡುಗಡೆ ಮಾಡಿತು. 2010ರ ಆರಂಭದ ವೇಳೆಗೆ ಅದನ್ನು ತಿಂಗಳಿಗೆ 8 ಕೋಟಿಗೂ ಮಿಕ್ಕಿ ಜನ ಆಡುತ್ತಿದ್ದರು, ಅದೇ ವರ್ಷ ಸಂಸ್ಥೆಯು ಬೆಂಗಳೂರಿನಲ್ಲಿಯೂ ಕಚೇರಿ ತೆರೆಯಿತು. ಆಟಕ್ಕೆ ಪ್ರವೇಶಧನವಿರಲಿಲ್ಲ. ಸ್ಟ್ರಾಬೆರಿ ಬಿತ್ತಿದರೆ 4 ಗಂಟೆಗಳಲ್ಲಿ ಫಲ. ಸಕಾಲಕ್ಕೆ ಬಂದು ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು. ದುಡಿಮೆಯಿಂದ ದೊರೆಯುವ ನಾಣ್ಯ ಒಂದು, ಬಹುಮಟ್ಟಿಗೆ ರೊಕ್ಕ ಕೊಟ್ಟೇ ಪಡೆಯಬೇಕಾದ ಫಾರ್ಮ್ ಕ್ಯಾಶ್ ಇನ್ನೊಂದು, ಹೀಗೆ ಎರಡು ಬಗೆಯ ಹಣ ಚಲಾವಣೆಯಲ್ಲಿದ್ದುವು. ಜಮೀನನ್ನು ವಿಸ್ತರಿಸಲು ಆಟದೊಳಗೆ ನೆರೆಯವರನ್ನು ಕೂಡಿಸಬೇಕಾಗಿತ್ತು, ಇಲ್ಲವೆ ಎರಡನೆಯ ಹಣವನ್ನು ತೆರಬೇಕಾಗಿತ್ತು. ಬಾಡಿದ ಬೆಳೆಯನ್ನು ಸಹ ಹಣದಿಂದ ಮತ್ತೆ ಚಿಗುರಿಸಬಹುದಾಗಿತ್ತು. ಅಂದರೆ ಆಟವನ್ನು ರಚಿಸಿದವರು ಮೊದಲು ಕಾಯುವಿಕೆಯನ್ನು ನಿರ್ಮಿಸಿ, ಅನಂತರ ಅದರಿಂದ ಬಿಡುಗಡೆಯನ್ನು ಮಾರಿದರು. 2020ರ ಡಿಸೆಂಬರ್ 31ರಂದು ಆ ಆಟ ನಿಂತಿತಾದರೂ ಅದರ ಪದ್ಧತಿ ಇಂದಿನ ಮೊಬೈಲ್ ಆಟಗಳಲ್ಲಿ ವ್ಯಾಪಕವಾಗಿ ಬೇರೂರಿದೆ.

ನವಲಗುಂದ, ಕುಂದಗೋಳಗಳ ಎರೆಭೂಮಿಯನ್ನು ಬಲ್ಲವರಿಗೆ ಆಟದ ಬೇಸಾಯಕ್ಕೂ ನಿಜದ ಬೇಸಾಯಕ್ಕೂ ಇರುವ ವ್ಯತ್ಯಾಸ ಸುಲಭವಾಗಿ ಹೊಳೆದೀತು. ಟ್ರ್ಯಾಕ್ಟರುಳ್ಳ ಒಕ್ಕಲಿಗನಿಗೆ ಅನುಕೂಲ ಹೆಚ್ಚೆಂಬುದು ದಿಟ. ಆದರೆ ಹಿಂಗಾರಿ ಜೋಳವು ರೊಕ್ಕಕ್ಕೆ ಮಣಿದು ಒಂದೇ ರಾತ್ರಿಯಲ್ಲಿ ತೆನೆಗಟ್ಟಲಾರದು, ಒಣಗಿದ ಮೆಣಸಿನ ಗಿಡ ಮತ್ತೆ ಹಸಿರಾಗಲಾರದು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯಲ್ಲಿ ನೆರೆಯವನು ಇಂದು ದುಡಿದರೆ ನಾಳೆ ಅವನ ಹೊಲದಲ್ಲಿ ನಾವು ದುಡಿಯುವೆವು. ಆಟದ ನೆರೆಯವನಾದರೋ ಮುಂದಿನ ಹಂತವನ್ನೇರುವುದಕ್ಕೆ ಬೇಕಾದ ಒಂದು ಎಣಿಕೆ ಮಾತ್ರ.

ಸರಕಾರದ ಶಾಸನಗಳು ಆಟದ ನ್ಯಾಯದ ಪ್ರಶ್ನೆಯ ಬದಿಯಿಂದ ಹಾದುಹೋಗಿವೆ. ಆನ್‌ಲೈನ್ ಪಣದಾಟಗಳನ್ನು ತಡೆಯಲೆಂದು ಕರ್ನಾಟಕವು ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂದಿತು; ಅದರ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಅಸಿಂಧುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆಯು ಹಣದ ಆಟಗಳನ್ನು ನಿಷೇಧಿಸಿ ಸಾಮಾಜಿಕ ಆಟಗಳಿಗೆ ಅವಕಾಶವಿತ್ತಿದೆ. ಕಾನೂನು ವಿಚಾರಿಸುತ್ತ ಬಂದಿರುವುದು ಪಣವುಂಟೋ ಇಲ್ಲವೋ, ಆಟ ಕೌಶಲದ್ದೋ ಅದೃಷ್ಟದ್ದೋ ಎಂಬುದನ್ನು. ಆಡುವವರೆಲ್ಲರ ದಾರಿ ಸಮಾನವೇ ಎಂಬ ಪ್ರಶ್ನೆ ಇನ್ನೂ ಅದರ ಮುಂದೆ ಬಂದಿಲ್ಲ.

ಜೂಜಲ್ಲವೆಂದ ಮಾತ್ರಕ್ಕೆ ಆಟ ನ್ಯಾಯವಾಗದು. ಅಂದಚೆಂದದ ವಸ್ತುಗಳನ್ನು ಮಾರಿ ಬದುಕುವ ಉಚಿತ ಆಟಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಗೆಲುವಿನ ಹಾದಿಯನ್ನೇ ಮಾರುವುದು ಆಕ್ಷೇಪಾರ್ಹ. ಯಾವ ಹಂತದಲ್ಲಿ ಎಷ್ಟು ಕಾಯಬೇಕು, ಹಣ ತೆತ್ತವನಿಗೆ ಯಾವ ಮೇಲುಗೈ ದೊರೆಯುತ್ತದೆ, ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಮುಚ್ಚಿದ ಪೆಟ್ಟಿಗೆಯೊಳಗಿನ ಬಹುಮಾನ ಸಿಗುವ ಸಂಭವವೆಷ್ಟು ಎಂಬುದನ್ನು ಆಟದ ಮೊದಲ ಪುಟದಲ್ಲಿಯೇ ತಿಳಿಗನ್ನಡದಲ್ಲಿ ಅಚ್ಚುಮಾಡುವಂತೆ ಶಾಸನವು ವಿಧಿಸಬೇಕು. ಅಲ್ಲಿಯತನಕ ಹಳ್ಳಿಯ ತಂದೆತಾಯಿಗಳೂ ಶಿಕ್ಷಕರೂ ಮಕ್ಕಳ ಜೊತೆಗೆ ಕುಳಿತು ಈ ಮೂರು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ಬೆಳೆಸಬೇಕು.